ಥೆಫ್ಟ್ ಮತ್ತು ರಾಬರಿ: ಎರಡೂ ಕಳ್ಳತನವೇ?

ಥೆಫ್ಟ್, ರಾಬರಿ ಎರಡಕ್ಕೂ ಕನ್ನಡದಲ್ಲಿ ಕಳ್ಳತನ ಎಂದರೆ ಸಾಲದೇ ಎಂದು ಕೇಳಿದ್ದೀರಿ. ನ್ಯಾಯಾಲಯದ ಕಾಗದಪತ್ರಗಳನ್ನು ಕನ್ನಡಕ್ಕೆ ಅನುವಾದಿಸುವ ನನ್ನ ಅನುಭವದಲ್ಲಿ ಅದು ಖಂಡಿತ ಸಾಲದು. ಥೆಫ್ಟ್‌ನಲ್ಲಿ ಕಳ್ಳನ ಕೈ ವಸ್ತುವನ್ನಷ್ಟೇ ಮುಟ್ಟುತ್ತದೆ. ರಾಬರಿಯಲ್ಲಿ ಮನುಷ್ಯನ ಮೈಗೆ, ಇಲ್ಲವೇ ಅವನ ಧೈರ್ಯಕ್ಕೆ ಪೆಟ್ಟು ಬೀಳುತ್ತದೆ.

ಇಂಗ್ಲಿಷಿನ ಕ್ರಿಯಾಪದಗಳನ್ನು ಗಮನಿಸಿ. ಸ್ಟೀಲ್ ಎಂಬುದರ ಕರ್ಮಪದ ಸರ, ಪರ್ಸು, ಸೈಕಲ್ಲಿನಂಥ ವಸ್ತು. ರಾಬ್ ಎಂಬುದರ ಕರ್ಮಪದ ಅದನ್ನು ಕಳೆದುಕೊಂಡ ವ್ಯಕ್ತಿ, ಇಲ್ಲವೇ ಬ್ಯಾಂಕಿನಂಥ ಸ್ಥಳ. ನಾವೂ ಸರವನ್ನು ಕದ್ದರು, ದಾರಿಹೋಕರನ್ನು ಸುಲಿದರು ಎನ್ನುತ್ತೇವೆ. ರಾಬ್ ಎಂಬ ಪದವೂ ನಿಲುವಂಗಿ ಎಂಬರ್ಥದ ರೋಬ್ ಎಂಬ ಪದವೂ ಒಂದೇ ಜರ್ಮಾನಿಕ್ ಮೂಲದವು. ಮೈಮೇಲಿನ ಬಟ್ಟೆಯೂ ಕೊಳ್ಳೆಯ ಮಾಲಾಗಿದ್ದ ಕಾಲದ ಗುರುತು ಅದು. ಸಿಪ್ಪೆ ಸುಲಿಯುವ ನಮ್ಮ ಸುಲಿ ಧಾತುವಿನಿಂದ ಬಂದ ಸುಲಿಗೆಯೂ ಅದೇ ಚಿತ್ರವನ್ನು ಕಣ್ಣಮುಂದೆ ತರುವುದರಿಂದ, ರಾಬರಿಗೆ ಅದಕ್ಕಿಂತ ಒಪ್ಪುವ ಪದ ನನಗೆ ಕಾಣುವುದಿಲ್ಲ. ಆದರೆ ಬೆದರಿಸಿ ಹಣ ಕೀಳುವ ಎಕ್ಸ್‌ಟಾರ್ಷನ್‌ಗೂ ಸುಲಿಗೆ ಎಂದೇ ಬರೆಯುವವರಿದ್ದಾರೆ. ಆದ್ದರಿಂದ ಸಂದರ್ಭವನ್ನು ನೋಡಿಕೊಳ್ಳಬೇಕು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಥೆಫ್ಟ್ 303ನೆಯ ಕಲಮು, ರಾಬರಿ 309ನೆಯದು. ಬಸ್ಸಿನ ನೂಕುನುಗ್ಗಲಿನಲ್ಲಿ ನಿಮಗೆ ತಿಳಿಯದಂತೆ ಜೇಬಿನಿಂದ ಪರ್ಸು ಎತ್ತಿದರೆ ಅದು ಕಳವು. ಅದೇ ಕಳ್ಳ, ನೀವು ಬೆನ್ನಟ್ಟಿದಾಗ, ಪರ್ಸನ್ನು ಬಿಡದೆ ಒಯ್ಯುವುದಕ್ಕಾಗಿಯೇ ಚಾಕು ತೋರಿಸಿ ಬೆದರಿಸಿದರೆ ಆ ಕಳವೇ ಸುಲಿಗೆಯಾಗಿ ಮಾರ್ಪಡುತ್ತದೆ. ಪರ್ಸನ್ನು ಎಸೆದು, ಕೇವಲ ತಪ್ಪಿಸಿಕೊಳ್ಳಲು ನಿಮ್ಮನ್ನು ಹೊಡೆದನೆಂದರೆ ಹಲ್ಲೆಯ ಅಪರಾಧ ಬೇರೆಯಾಗಿ ಉಳಿಯುತ್ತದೆ, ಸುಲಿಗೆಯಾಗುವುದಿಲ್ಲ. ಏಕೆಂದರೆ ಹಿಂಸೆ ನಡೆದದ್ದು ಮಾಲಿಗಾಗಿ ಅಲ್ಲ. ಇಷ್ಟು ಸೂಕ್ಷ್ಮವಾದ ಗೆರೆಯ ಮೇಲೆ ಶಿಕ್ಷೆ ನಿಂತಿದೆ: ಸಾಮಾನ್ಯ ಕಳವಿಗೆ ಗರಿಷ್ಠ ಮೂರು ವರ್ಷ, ಸುಲಿಗೆಗೆ ಹತ್ತು ವರ್ಷ, ಸೂರ್ಯಾಸ್ತ ಮತ್ತು ಸೂರ್ಯೋದಯದ ನಡುವೆ ಹೆದ್ದಾರಿಯಲ್ಲಿ ನಡೆದರೆ ಹದಿನಾಲ್ಕು ವರ್ಷ.

ಐದು ಅಥವಾ ಹೆಚ್ಚು ಮಂದಿ ಕೂಡಿ ಸುಲಿಗೆ ಮಾಡಿದರೆ ಅದು ಡೆಕಾಯ್ಟಿ. ನಮ್ಮ ಪೊಲೀಸರ ಭಾಷೆಯಲ್ಲಿ ದರೋಡೆ. ಯಾರೂ ಇಲ್ಲದ ಮನೆಯ ಬೀಗ ಮುರಿದು ಒಬ್ಬನೇ ಒಡವೆ ಕದ್ದರೂ ದರೋಡೆ ಎಂದು ಬರೆಯುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಗೋಡೆಗೆ ಕೊರೆಯುತ್ತಿದ್ದ ಕನ್ನದಿಂದ ಬಂದ ಕನ್ನಗಳವು ಎಂಬ ಅಚ್ಚುಕಟ್ಟಾದ ಪದ ಅದಕ್ಕೆ ಮೊದಲಿನಿಂದಲೂ ಇದೆ.