ಮಂಡಿ ನೋವಿದ್ದವರು ಆಂಟಿಲೋಪ್ ಕ್ಯಾನ್ಯನ್ ನೋಡಬಹುದೇ?

ಪ್ರಶ್ನೆ: ಮೇಡಂ, ಆಗಸ್ಟ್‌ನಲ್ಲಿ ಮಗನ ಮನೆಗೆ ಅಮೆರಿಕಕ್ಕೆ ಹೋಗುತ್ತಿದ್ದೇವೆ. ಲಾಸ್ ವೇಗಸ್‌ನಿಂದ ಬೆಳಗ್ಗೆ ಹೊರಟು, ಆಂಟಿಲೋಪ್ ಕ್ಯಾನ್ಯನ್, ಹಾರ್ಸ್‌ಶೂ ಬೆಂಡ್ (ಕೊಲರಾಡೊ ನದಿ ಕುದುರೆ ಲಾಳದಂತೆ ತಿರುಗುವ ಜಾಗ) ತೋರಿಸಿ ರಾತ್ರಿ ವಾಪಸ್ ಬಿಡುವ ಬಸ್ ಟೂರ್ ಇದೆಯಂತೆ. ನನಗೆ 66, ಹೆಂಡತಿಗೆ 61. ಅವಳಿಗೆ ಮಂಡಿ ನೋವು. ಹೋಗಬಹುದಾ? ಅಪ್ಪರ್, ಲೋಯರ್ ಅಂತ ಎರಡು ಇವೆಯಂತೆ. ಯಾವುದು ಆಗಬಹುದು?
– ದಾವಣಗೆರೆಯ ಓದುಗರು

ಉತ್ತರ: ಖಂಡಿತ ಹೋಗಿ. ಅರಿಜೋನಾ ರಾಜ್ಯದ ಈ ಕಿರಿದಾದ ಬಂಡೆ ಕಣಿವೆ ನೋಡುವಂಥದ್ದೇ. ಆದರೆ ಅಪ್ಪರ್ ಆಂಟಿಲೋಪ್‌ಗೇ ಬುಕ್ ಮಾಡಿಸಿ. ಲೋಯರ್‌ನಲ್ಲಿ ಕಡಿದಾದ ಕಬ್ಬಿಣದ ಏಣಿಗಳನ್ನು ಇಳಿಯಬೇಕು. ಕೆಲವು ಕಡೆ ಮೈ ಓರೆ ಮಾಡಿಕೊಂಡು ನುಸುಳಬೇಕು. ಮಂಡಿ ನೋವಿನವರಿಗೆ ಅದು ಬೇಡ. ಅಪ್ಪರ್‌ನಲ್ಲಿ ನೆಲಮಟ್ಟದಲ್ಲೇ ಮರಳಿನ ಮೇಲೆ ನಡೆಯುತ್ತ ಒಳಗೆ ಹೋಗುತ್ತೀರಿ. ಆಚೆ ಬದಿಯಿಂದ ಹೊರಬಂದು ವಾಪಸಾಗುವ ದಾರಿಯಲ್ಲಿ ಮಾತ್ರ ಇಳಿಜಾರು, ಮೆಟ್ಟಿಲು ಇವೆ. ನಿಧಾನಕ್ಕೆ ನಡೆದರೆ ಆಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಮೇಲಿನ ಸಂದಿಯಿಂದ ಬೆಳಕಿನ ಕೋಲು ನೇರ ನೆಲಕ್ಕೆ ಇಳಿಯುವುದು ಜಾಸ್ತಿ ಕಾಣುವುದೂ ಅಪ್ಪರ್‌ನಲ್ಲೇ. ಆಗಸ್ಟ್ ಅದಕ್ಕೆ ಸರಿಯಾದ ಕಾಲ.

ನನಗೆ ಒಪ್ಪಿಗೆಯಾಗದಿರುವುದು ಆ ಒಂದೇ ದಿನದ ಲೆಕ್ಕ. ವೇಗಸ್‌ನಿಂದ ಕಣಿವೆಯ ಹತ್ತಿರದ ಪೇಜ್ ಊರಿಗೆ ಸುಮಾರು 440 ಕಿಲೋಮೀಟರ್. ಹೋಗಲು ನಾಲ್ಕೂವರೆ ಗಂಟೆ, ಬರಲು ಅಷ್ಟೇ. ನಿಮ್ಮ ಮನೆಯವರ ಮಂಡಿಗೆ ಕಣಿವೆಯ ನಡಿಗೆಗಿಂತ ಸೀಟಿನಲ್ಲಿ ಮಡಿಚಿ ಕೂರುವುದೇ ಹೆಚ್ಚು ನೋವು ಕೊಡುತ್ತದೆ. ನಾನು ಫೀನಿಕ್ಸ್ ಹತ್ತಿರ ಮಗಳ ಮನೆಯಲ್ಲಿದ್ದಾಗ ಊರಿನಿಂದ ಬಂದ ನೆಂಟರನ್ನು ಪೇಜ್‌ಗೆ ಕರೆದುಕೊಂಡು ಹೋಗುವ ಕೆಲಸ ನನ್ನದೇ ಆಗಿತ್ತು. ಹಿರಿಯರಿದ್ದರೆ ಅಲ್ಲೇ ಒಂದು ರಾತ್ರಿ ಉಳಿಯುತ್ತಿದ್ದೆವು. ಮಗನಿಗೆ ರಜೆ ಇದ್ದರೆ ನೀವೂ ಹಾಗೇ ಮಾಡಿ. ರಜೆ ಇಲ್ಲದಿದ್ದರೆ ಬಸ್ಸಿನಲ್ಲೇ ಹೋಗಿ, ಬಿಡಬೇಡಿ. ನಿಲ್ಲಿಸಿದ ಕಡೆಯಲ್ಲೆಲ್ಲ ಇಳಿದು ನಾಲ್ಕು ಹೆಜ್ಜೆ ಓಡಾಡಿಸಿ.

ಇನ್ನೊಂದು ಮಾತು. ಸ್ವಂತ ಕಾರಿನಲ್ಲಿ ಹೋದರೆ ಗಡಿಯಾರದ ಮೇಲೆ ಕಣ್ಣಿರಲಿ. ಆಗಸ್ಟ್‌ನಲ್ಲಿ ವೇಗಸ್‌ಗೂ ಪೇಜ್‌ಗೂ ಒಂದೇ ಸಮಯ. ಆದರೆ ನಡುವೆ ಸಿಗುವ ಯೂಟಾ ರಾಜ್ಯ ಒಂದು ಗಂಟೆ ಮುಂದಿದೆ, ಅಲ್ಲಿನ ಮೂಲನಿವಾಸಿಗಳಾದ ನವಾಹೊ ಜನರ ನೆಲವೂ ಬೇಸಿಗೆಯಲ್ಲಿ ಒಂದು ಗಂಟೆ ಮುಂದೆ. ಫೋನು ತಾನಾಗಿಯೇ ಸಮಯ ಬದಲಾಯಿಸಿಕೊಳ್ಳುತ್ತದೆ. ಟಿಕೆಟ್‌ನಲ್ಲಿ ಬರೆದಿರುವುದು ಪೇಜ್ ಊರಿನ ಸಮಯ.

ಪ್ರಶ್ನೆ: ಅದೇ ಕಣಿವೆಯಲ್ಲಿ ಪ್ರವಾಹ ಬಂದು ಪ್ರವಾಸಿಗರು ಸತ್ತರು ಅಂತ ಓದಿದೆ. ಮರುಭೂಮಿಯಲ್ಲಿ ಪ್ರವಾಹ ಹೇಗೆ ಸಾಧ್ಯ? ಮಗಳು ಮೊಮ್ಮಕ್ಕಳ ಜೊತೆ ಹೊರಟಿದ್ದಾಳೆ, ಭಯವಾಗುತ್ತಿದೆ.
– ಶಿವಮೊಗ್ಗದ ಓದುಗರು

ಉತ್ತರ: ನಿಜ. 1997ರ ಆಗಸ್ಟ್ 12ರಂದು ಲೋಯರ್ ಆಂಟಿಲೋಪ್‌ನಲ್ಲಿ 11 ಪ್ರವಾಸಿಗರು ಸತ್ತರು. ಕಣಿವೆಯ ಬಳಿ ಅವತ್ತು ಹೇಳಿಕೊಳ್ಳುವಂಥ ಮಳೆಯೇ ಇರಲಿಲ್ಲ. ಮಳೆ ಬಿದ್ದದ್ದು ಮೈಲುಗಟ್ಟಲೆ ದೂರದ ಮೇಲ್ಭಾಗದಲ್ಲಿ. ಶಿವಮೊಗ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಘಟ್ಟದ ಮೇಲೆ ಮಳೆಯಾದರೆ ಕೆಳಗೆ ಬಿಸಿಲಿದ್ದರೂ ಹಳ್ಳ ಒಮ್ಮೆಲೇ ಏರುತ್ತದೆ. ಅಲ್ಲಿ ಅದು ಇನ್ನೂ ಜೋರು. ನೆಲವೆಲ್ಲ ಬರೀ ಬಂಡೆ, ನೀರು ಇಂಗುವುದಿಲ್ಲ. ಬಿದ್ದದ್ದೆಲ್ಲ ಆ ಕಿರಿದಾದ ಸಂದಿಗೇ ನುಗ್ಗುತ್ತದೆ.

ನಾನು ಭೂಗೋಳ ಪಾಠ ಮಾಡಿದವಳು, ಹಾಗಾಗಿ ಇದನ್ನು ಹೇಳದೆ ಮುಂದೆ ಹೋಗಲಾರೆ. ಆ ಗೋಡೆಗಳು ಸುಮಾರು 19 ಕೋಟಿ ವರ್ಷದ ಹಿಂದಿನ ಮರಳು ದಿಬ್ಬಗಳು. ಗಾಳಿ ತಂದು ಗುಡ್ಡೆ ಹಾಕಿದ ಮರಳು ಒತ್ತಿ ಒತ್ತಿ ಕಲ್ಲಾಯಿತು. ಆಮೇಲೆ ಇಂಥ ಪ್ರವಾಹಗಳೇ ಮರಳು, ಕಲ್ಲುಗಳನ್ನು ಹೊತ್ತು ಬಂದು ಅದನ್ನು ಉಜ್ಜಿ ಕೊರೆದವು. ಫೋಟೋದಲ್ಲಿ ಅಲೆ ಅಲೆಯಾಗಿ ಕಾಣುವುದು ನೀರು ತಿರುಗಿದ ಗುರುತು. ಆ ಕೆಲಸ ಇವತ್ತಿಗೂ ನಿಂತಿಲ್ಲ.

ಅವತ್ತಿನ ದುರಂತದ ನಂತರ ಬಹಳ ಬದಲಾಗಿದೆ. ಹಿಂದೆ ಲೋಯರ್‌ನಲ್ಲಿದ್ದ ಮರದ ಏಣಿಗಳು ಪ್ರವಾಹದಲ್ಲಿ ಕೊಚ್ಚಿಹೋಗಿದ್ದವು. ಈಗ ಬಂಡೆಗೆ ಬೋಲ್ಟ್ ಹಾಕಿ ಕೂರಿಸಿದ ಲೋಹದ ಮೆಟ್ಟಿಲುಗಳಿವೆ. ಹವಾಮಾನದ ರೇಡಿಯೋ ಇಟ್ಟುಕೊಂಡು ಗಮನಿಸುತ್ತಾರೆ. ಗೈಡ್ ಇಲ್ಲದೆ ಯಾರೂ ಒಳಗೆ ಹೋಗುವಂತಿಲ್ಲ. ಅಲ್ಲಿ ಜುಲೈನಿಂದ ಸೆಪ್ಟೆಂಬರ್ ಮಳೆಗಾಲ. ನಿಮ್ಮ ಮಗಳಿಗೆ ಇಷ್ಟು ಹೇಳಿ: ಆಕಾಶ ನೀಲಿಯಾಗಿದ್ದರೂ ಟೂರ್ ರದ್ದು ಎಂದರೆ ವಾದ ಮಾಡಬಾರದು, 'ಇಷ್ಟು ದೂರ ಬಂದಿದ್ದೇವೆ' ಎನ್ನಬಾರದು. ಆ ನೆಲ ನವಾಹೊ ಜನರದ್ದು. ಅದರ ನೀರಿನ ದಾರಿ ಅವರಿಗೆ ಗೊತ್ತು. ಆ ಗೈಡ್‌ಗಳ ಬಗ್ಗೆ ನನಗೆ ತುಂಬಾ ಗೌರವವಿದೆ. ಫೋಟೋ ಎಲ್ಲಿ ನಿಂತು ತೆಗೆಯಬೇಕು ಅಂತ ತೋರಿಸುವುದಷ್ಟೇ ಅವರ ಕೆಲಸ ಅಂದುಕೊಳ್ಳಬೇಡಿ. ಮೊಮ್ಮಕ್ಕಳು ಅವರ ಪಕ್ಕದಲ್ಲೇ ನಡೆಯಲಿ, ಪ್ರಶ್ನೆ ಕೇಳಲಿ. ಕೊನೆಗೆ ಟಿಪ್ಸ್ ಕೊಡುವುದು ಅಲ್ಲಿನ ರೂಢಿ, ಕೈಬಿಗಿ ಮಾಡಬೇಡಿ.

ಪ್ರಶ್ನೆ: ಹಾರ್ಸ್‌ಶೂ ಬೆಂಡ್ ಯಾವ ಹೊತ್ತಿನಲ್ಲಿ ಚೆನ್ನ? ನನಗೆ ಎತ್ತರದ ಭಯ.
– ಬೆಂಗಳೂರಿನ ಓದುಗರು

ಉತ್ತರ: ಬೆಳಗ್ಗೆ ಬೇಗ ಹೋದರೆ ನದಿ ನೆರಳಿನಲ್ಲಿ ಮುಳುಗಿರುತ್ತದೆ. ಸಂಜೆ ಸೂರ್ಯ ಕಣ್ಣಿಗೇ ಹೊಡೆಯುತ್ತಾನೆ, ಆಕಾಶದ ಬಣ್ಣ ಮಾತ್ರ ಚಂದ. ಇಡೀ ತಿರುವಿನ ಮೇಲೆ ಬೆಳಕು ಬೀಳುವುದು ಹೊತ್ತೇರಿದ ಮೇಲೆ. ಪಾರ್ಕಿಂಗ್‌ನಿಂದ ಅಂಚಿಗೆ ಒಂದು ಕಿಲೋಮೀಟರ್ ದಾಟುತ್ತದೆ, ದಾರಿಯಲ್ಲಿ ನೆರಳು ತೀರಾ ಕಡಿಮೆ. ನೀರು, ಟೋಪಿ ಬೇಕೇ ಬೇಕು. ಅಂಚಿನ ಒಂದು ಭಾಗಕ್ಕೆ ಕಂಬಿ ಹಾಕಿದ್ದಾರೆ, ನೀವು ಅಲ್ಲೇ ನಿಂತು ನೋಡಿ. ಉಳಿದ ಅಂಚೆಲ್ಲ ಬರೀ ಬಂಡೆ, ಕೆಳಗೆ ಸುಮಾರು 300 ಮೀಟರ್ ಆಳದಲ್ಲಿ ಕೊಲರಾಡೊ ನದಿ.

ನೀರಿನ ಹಸಿರು ನೋಡಿ ಎಲ್ಲರೂ ಖುಷಿಪಡುತ್ತಾರೆ. ಮೊದಲು ಆ ನದಿ ಕೆಂಪು ಕೆಸರು ಹೊತ್ತು ಹರಿಯುತ್ತಿತ್ತು. ಸ್ವಲ್ಪ ಮೇಲೆ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು ಕಟ್ಟಿ 1963ರಲ್ಲಿ ನೀರು ನಿಲ್ಲಿಸತೊಡಗಿದರು. ಕೆಸರೆಲ್ಲ ಆ ಅಣೆಕಟ್ಟಿನ ಜಲಾಶಯವಾದ ಲೇಕ್ ಪೊವೆಲ್‌ನಲ್ಲೇ ಕೂತುಬಿಡುತ್ತದೆ. ಕೆಳಗೆ ಬರುವುದು ಜಲಾಶಯದ ಆಳದಿಂದ ಬಿಟ್ಟ ತಿಳಿಯಾದ, ತಣ್ಣನೆಯ ನೀರು. ಪೇಜ್ ಊರು ಹುಟ್ಟಿದ್ದೇ 1957ರಲ್ಲಿ, ಆ ಅಣೆಕಟ್ಟಿನ ಕೆಲಸಗಾರರಿಗಾಗಿ. ಅನ್ವೇಷಕ ಜಾನ್ ವೆಸ್ಲಿ ಪೊವೆಲ್ 1869ರಲ್ಲಿ ದೋಣಿಯಲ್ಲಿ ಹಾದುಹೋದ ಗ್ಲೆನ್ ಕ್ಯಾನ್ಯನ್‌ನ ಬಹುಭಾಗ ಈಗ ಜಲಾಶಯದ ಅಡಿಯಲ್ಲಿದೆ. ನನಗೆ ಇದು ಇವತ್ತಿಗೂ ಸಂಕಟದ ವಿಷಯ. ಸಮಯವಿದ್ದರೆ ಅಣೆಕಟ್ಟು ಕಾಣುವ ಜಾಗಕ್ಕೂ ಹೋಗಿ ಬನ್ನಿ. ಆ ಎರಡನ್ನೂ ನೋಡಿದರೇನೇ ನದಿಯ ಕಥೆ ಪೂರ್ತಿ ಗೊತ್ತಾಗುವುದು.

ಪ್ರಶ್ನೆ: ಕಣಿವೆಯೊಳಗೆ ಬುತ್ತಿ, ಕ್ಯಾಮೆರಾ ಬಿಡುತ್ತಾರಾ?
– ಹುಬ್ಬಳ್ಳಿಯ ಓದುಗರು

ಉತ್ತರ: ಬ್ಯಾಗ್, ಟ್ರೈಪಾಡ್, ಸೆಲ್ಫಿ ಸ್ಟಿಕ್ ಯಾವುದನ್ನೂ ಬಿಡುವುದಿಲ್ಲ. ಚಪಾತಿ, ಪಲ್ಯ ಕಾರಿನಲ್ಲೇ ಇಟ್ಟು ಆಮೇಲೆ ತಿನ್ನಿ. ಕುಡಿಯುವ ನೀರು, ಫೋನು ಅಥವಾ ಕ್ಯಾಮೆರಾ ಕೈಯಲ್ಲಿರಲಿ. ಮೇಲಿನಿಂದ ಸಣ್ಣ ಮರಳು ಉದುರುತ್ತಲೇ ಇರುತ್ತದೆ, ಒಳಗೆ ಲೆನ್ಸ್ ಬದಲಾಯಿಸಲು ಹೋಗಬೇಡಿ.