ಓದುಗರ ಪ್ರಶ್ನೆ: ಓದಿದ ಕಾಲೇಜಿಗೆ ದೇಣಿಗೆ

ಪ್ರಶ್ನೆ: ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಸಂಘದ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಮುನ್ನೂರು ಜನರಿದ್ದಾರೆ. ‘ಕಾಲೇಜಿನ ಅಭಿವೃದ್ಧಿಗೆ ದೇಣಿಗೆ ಕೊಡಿ’ ಎಂದು ಹಾಕಿದರೆ ನಾಲ್ಕೈದು ಜನ ಕೊಡುತ್ತಾರೆ. ಅವರಾದರೂ ಯಾಕೆ ಕೊಡುತ್ತಾರೆ, ಉಳಿದವರು ಯಾಕಿಲ್ಲ? – ಖಜಾಂಚಿ, ಮಂಡ್ಯ

ಉತ್ತರ: ‘ಅಭಿವೃದ್ಧಿ’ ಎಂದರೆ ಏನೆಂದು ಯಾರಿಗೂ ಕಣ್ಣಿಗೆ ಕಟ್ಟುವುದಿಲ್ಲ. ಹಳೆಯ ವಿದ್ಯಾರ್ಥಿಯ ಮನಸ್ಸಿನಲ್ಲಿ ಉಳಿದಿರುವುದು ಪಾಠ ಹೇಳಿದ ಒಬ್ಬ ಮೇಷ್ಟರು, ಫೀಸು ಕಟ್ಟಲಾಗದ ವರ್ಷ ಸಿಕ್ಕ ರಿಯಾಯಿತಿ, ಹಾಸ್ಟೆಲ್ಲಿನ ಊಟ. ಮೈಸೂರಿನಲ್ಲಿ ವಾರಾನ್ನ ಉಂಡು ಓದಿದವರ ಮುಂದೆ ‘ಒಬ್ಬ ಹುಡುಗನ ಊಟದ ಖರ್ಚು’ ಎನ್ನಿ, ಬೇರೆ ವಿವರಣೆ ಬೇಕಾಗುವುದಿಲ್ಲ. ತೀರಿಕೊಂಡ ತಂದೆ-ತಾಯಿಯ ಹೆಸರು ಉಳಿಯಲಿ ಎಂದು ಕೊಡುವವರೂ ಇದ್ದಾರೆ, ಅದರಲ್ಲಿ ತಪ್ಪೇನಿಲ್ಲ.

ಹಾಗಾಗಿ ‘ಮೂವರು ವಿದ್ಯಾರ್ಥಿಗಳ ಪರೀಕ್ಷಾ ಶುಲ್ಕ ಮತ್ತು ಪುಸ್ತಕ, ಒಟ್ಟು ಇಷ್ಟು’ ಎಂದು ಮೊತ್ತ ಹೇಳಿ ಕೇಳಿ. ಗ್ರೂಪಿಗೆ ಹಾಕಿ ಕೂರಬೇಡಿ. ಪ್ರತಿ ಬ್ಯಾಚಿನಿಂದ ಒಬ್ಬರು ಹತ್ತು ಸಹಪಾಠಿಗಳಿಗೆ ಫೋನ್ ಮಾಡಲಿ. ಒಂದೇ ಬೆಂಚಿನಲ್ಲಿ ಕೂತವನು ಕೇಳಿದರೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಮೂರು ತಿಂಗಳೊಳಗೆ ರಸೀದಿಗಳ ಫೋಟೊ ಸಮೇತ ಲೆಕ್ಕ ಕಳಿಸಿ. ಒಮ್ಮೆ ಕೊಟ್ಟವರು ಮತ್ತೆ ಕೊಡದಿದ್ದರೆ ಮೊದಲು ನೋಡಬೇಕಾದ್ದು ಹಿಂದಿನ ಲೆಕ್ಕ ಅವರಿಗೆ ತಲುಪಿದೆಯೇ ಎಂಬುದನ್ನು.

ಪ್ರಶ್ನೆ: ತಂದೆಯವರ ಹೆಸರಿನಲ್ಲಿ 25,000 ರೂಪಾಯಿ ದತ್ತಿ ಇಟ್ಟರೆ ವರ್ಷಕ್ಕೊಂದು ಚಿನ್ನದ ಪದಕ ಕೊಡಬಹುದೇ? – ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಆಗದು. ಶೇ 6.5ರ ಬಡ್ಡಿ ಹಿಡಿದರೂ ವರ್ಷಕ್ಕೆ 1,625 ರೂಪಾಯಿ. ಅದು ಪುಸ್ತಕ ಬಹುಮಾನದ ಹಣ. ಹಳೆಯ ದತ್ತಿಗಳು ಸೊರಗಿರುವುದೇ ಹೀಗೆ: ಅಸಲು ಇದ್ದಷ್ಟೇ ಇದೆ, ಚಿನ್ನದ ಬೆಲೆ ಏರಿದೆ. ಒಂದು ಲಕ್ಷ ಇಡಲು ಸಾಧ್ಯವಾದರೆ ಬರುವ 6,500ರಲ್ಲಿ 4,500 ನಗದು ಬಹುಮಾನಕ್ಕೆ ಕೊಟ್ಟು, 2,000 ಅಸಲಿಗೇ ಸೇರಿಸುತ್ತಾ ಹೋಗಲಿ. ಬಡ್ಡಿ ಸಾಲದಾದಾಗ ಏನು ಮಾಡಬೇಕು, ಠೇವಣಿ ನವೀಕರಿಸುವವರು ಯಾರು ಎಂಬುದು ದತ್ತಿಪತ್ರದಲ್ಲೇ ಇರಬೇಕು. ಪ್ರಾಂಶುಪಾಲರು ವರ್ಗವಾದ ಮೇಲೆ ಠೇವಣಿಯ ಬಾಂಡು ಬೀರುವಿನಲ್ಲೇ ಮರೆತುಹೋಗಬಾರದಲ್ಲ.

ಪ್ರಶ್ನೆ: ಅಮೆರಿಕದಲ್ಲಿರುವ ಗೆಳೆಯರು ಸಂಘದ ಖಾತೆಗೆ ನೇರವಾಗಿ ಹಣ ಕಳಿಸಬಹುದೇ? ತೆರಿಗೆ ವಿನಾಯಿತಿ ಹೇಗೆ? – ಓದುಗರು, ಮದ್ದೂರು

ಉತ್ತರ: ಮೊದಲು ಪಾಸ್‌ಪೋರ್ಟ್ ಯಾವ ದೇಶದ್ದೆಂದು ಕೇಳಿ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಡುವುದು ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರತ್ವ ಪಡೆದವರು ಕೊಟ್ಟರೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ 2010ರ ಎಫ್‌ಸಿಆರ್‌ಎ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದ ಸಂಘ ಅದನ್ನು ಮುಟ್ಟುವಂತಿಲ್ಲ.

ಇಲ್ಲಿಯವರಿಗೆ ಆದಾಯ ತೆರಿಗೆ ಕಾಯ್ದೆಯಲ್ಲಿ ದೇಣಿಗೆಗೆ ತೆರಿಗೆ ವಿನಾಯಿತಿ ಇದೆ (1961ರ ಕಾಯ್ದೆಯಲ್ಲಿ ಅದು 80ಜಿ ಕಲಂ ಆಗಿತ್ತು). ಆದರೆ ಸಂಘಕ್ಕೆ ಅದರ ಅನುಮೋದನೆ ಇರಬೇಕು, 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ಅದು ಸಿಗದು, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ.