30 ಹಾಸಿಗೆಯ ಆಸ್ಪತ್ರೆಗೆ ಈ ಎರಡು ಫುಲ್ಲಿ ಆಟೋ ಅನಲೈಸರ್‌ಗಳಲ್ಲಿ ಯಾವುದು ಉತ್ತಮ?

ಮುಧೋಳದ ನಿಮ್ಮ ಟ್ರಸ್ಟ್ ಆಸ್ಪತ್ರೆಯ ಲ್ಯಾಬಿಗೆ ಬಂದಿರುವ ಎರಡು ಕೊಟೇಶನ್‌ಗಳಲ್ಲಿ ಯಾವ ಬಯೋಕೆಮಿಸ್ಟ್ರಿ ಅನಲೈಸರ್ (ರಕ್ತದಲ್ಲಿನ ಶುಗರ್, ಕ್ರಿಯಾಟಿನಿನ್ ಮುಂತಾದವನ್ನು ಅಳೆಯುವ ಯಂತ್ರ) ಆರಿಸಬೇಕೆಂದು ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ ಎಂಬುದು ನನ್ನ ಉತ್ತರ. ಇಂಡಿ ತಾಲ್ಲೂಕಿನಲ್ಲಿ ಹೆಚ್ಚುಕಡಿಮೆ ಇಷ್ಟೇ ದೊಡ್ಡದಾದ ಆಸ್ಪತ್ರೆಯೊಂದರ ಆಡಳಿತ ನೋಡಿಕೊಳ್ಳುತ್ತಿದ್ದಾಗ ನಾನೂ ಹೀಗೆಯೇ ಎರಡು ಕೊಟೇಶನ್‌ಗಳಿಂದ ಒಂದು ಕೋಷ್ಟಕ ತಯಾರಿಸಿ ಟ್ರಸ್ಟಿಗಳ ಸಭೆಗೆ ಒಯ್ದಿದ್ದೆ. ಗಂಟೆಗೆ ಎಷ್ಟು ಟೆಸ್ಟ್, ಟ್ರೇಯಲ್ಲಿ ಎಷ್ಟು ರೀಜೆಂಟ್ (ಟೆಸ್ಟಿಗೆ ಬಳಸುವ ರಾಸಾಯನಿಕ ದ್ರಾವಣ) ಬಾಟಲಿ, ವಾರಂಟಿ ಎಷ್ಟು ವರ್ಷ, ಎಲ್ಲವೂ ಅದರಲ್ಲಿತ್ತು. ಅಧ್ಯಕ್ಷರು ಕನ್ನಡಕ ಏರಿಸಿ ಒಮ್ಮೆ ಕಣ್ಣಾಡಿಸಿ, 'ಭಾಳ ಅಚ್ಚುಕಟ್ಟ ಮಾಡೀರಿ' ಎಂದು ಸಹಿ ಹಾಕಿದರು.

ಆ ಕೋಷ್ಟಕದಲ್ಲಿ ಎರಡು ಹೊಸ ಯಂತ್ರಗಳಿದ್ದವು. ಲ್ಯಾಬಿನ ಮೂಲೆಯಲ್ಲಿ ಸುಸ್ಥಿತಿಯಲ್ಲಿಯೇ ಇದ್ದ ಹಳೆಯ ಸೆಮಿ ಆಟೋ ಅನಲೈಸರ್ ಇರಲಿಲ್ಲ. ನಮಗೆ ಎಲ್ಲಕ್ಕಿಂತ ದುಬಾರಿಯಾದ ತಪ್ಪು ಇದೇ ಆದ್ದರಿಂದ, ಓದುವವರಿಗೆ ಬೇಸರವಾದರೂ ವಿಸ್ತಾರವಾಗಿಯೇ ಹೇಳುತ್ತೇನೆ. ಹೊಸದನ್ನು ಇನ್ನೊಂದು ಹೊಸದರೊಂದಿಗೆ ಮಾತ್ರ ಹೋಲಿಸಿದಾಗ ಅವೆರಡರಲ್ಲಿ ಒಂದು ಗೆದ್ದೇ ಗೆಲ್ಲುತ್ತದೆ. ಕೊಳ್ಳದೇ ಇರುವ ದಾರಿಯೂ ಒಂದಿದೆ ಎಂಬ ಮಾತು ಸಭೆಯಲ್ಲಿ ಏಳುವುದೇ ಇಲ್ಲ. ಕೆಲವು ಟೆಸ್ಟ್‌ಗಳನ್ನು ವಿಜಯಪುರದ ದೊಡ್ಡ ಲ್ಯಾಬಿಗೆ ಕಳುಹಿಸಿ ಮರುದಿನ ವರದಿ ತರಿಸುವ ರೂಢಿಯೂ ನಮ್ಮಲ್ಲಿತ್ತು, ಅದೂ ಕೋಷ್ಟಕ ಸೇರಲಿಲ್ಲ. ಕಂಪನಿಯ ಪ್ರತಿನಿಧಿಯಿಂದ ಈ ಹೋಲಿಕೆಯನ್ನು ನಿರೀಕ್ಷಿಸುವಂತೆಯೂ ಇರಲಿಲ್ಲ, ಅದು ನನ್ನ ಕೆಲಸವಾಗಿತ್ತು.

ಸೆಮಿ ಆಟೋದಲ್ಲಿ ಟೆಕ್ನಿಷಿಯನ್ ಸೀರಂ ಮತ್ತು ರೀಜೆಂಟನ್ನು ಪಿಪೆಟ್ಟಿನಿಂದ ಅಳೆದು ಬೆರೆಸಿ, 37 ಡಿಗ್ರಿಯಲ್ಲಿ ಇಟ್ಟು, ಬಳಿಕ ಯಂತ್ರಕ್ಕೆ ಹೀರಿಸುತ್ತಾರೆ. ಕೆಲಸ ನಿಧಾನ, ಕೈತಪ್ಪಿಗೂ ಆಸ್ಪದವಿದೆ. ಆದರೆ ಬೇಕಾದಷ್ಟೇ ರೀಜೆಂಟ್ ತೆಗೆದುಕೊಂಡು ಉಳಿದದ್ದಕ್ಕೆ ಮುಚ್ಚಳ ಬಿಗಿದು ಫ್ರಿಜ್ಜಿಗೆ ಸೇರಿಸಬಹುದು. ಫುಲ್ಲಿ ಆಟೋದಲ್ಲಿ ಅಳೆಯುವುದು, ಬೆರೆಸುವುದು ಎಲ್ಲವನ್ನೂ ಯಂತ್ರವೇ ಮಾಡುತ್ತದೆ, ಬಾಟಲಿಗಳು ಬಾಯಿ ತೆರೆದುಕೊಂಡು ಟ್ರೇಯಲ್ಲಿಯೇ ಇರುತ್ತವೆ. ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್‌ ಟೆಸ್ಟಿಗೆ ಬಳಸುವ ಜಾಫೆ ವಿಧಾನದ ಕ್ಷಾರೀಯ ಪಿಕ್ರೇಟ್ ದ್ರಾವಣವು ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಹೀರಿ ದಿನದಿಂದ ದಿನಕ್ಕೆ ಕೆಡುತ್ತಾ ಹೋಗುತ್ತದೆ; ಆಗ ಕಂಟ್ರೋಲ್ (ಫಲಿತಾಂಶ ಮೊದಲೇ ಗೊತ್ತಿರುವ, ಯಂತ್ರವನ್ನು ಪರೀಕ್ಷಿಸುವ ಸ್ಯಾಂಪಲ್) ಮಿತಿ ದಾಟುತ್ತದೆ, ಮತ್ತೆ ಕ್ಯಾಲಿಬ್ರೇಶನ್ (ಯಂತ್ರದ ಅಳತೆ ಸರಿಹೊಂದಿಸುವುದು) ಮಾಡಬೇಕಾಗುತ್ತದೆ, ಅದಕ್ಕೂ ಅದೇ ಬಾಟಲಿಯ ರೀಜೆಂಟೇ ಖರ್ಚಾಗುತ್ತದೆ.

ಪ್ರತಿ ಟೆಸ್ಟಿನ ಖರ್ಚನ್ನು ನಾನು ಲೆಕ್ಕ ಹಾಕಿದ್ದು ಕಿಟ್ಟಿನ ಬೆಲೆಯನ್ನು ಡಬ್ಬಿಯ ಮೇಲೆ ಮುದ್ರಿಸಿದ ಟೆಸ್ಟ್ ಸಂಖ್ಯೆಯಿಂದ ಭಾಗಿಸಿ. ಆ ಲೆಕ್ಕ ಎಷ್ಟು ದಾರಿ ತಪ್ಪಿಸುತ್ತದೆಂಬುದಕ್ಕೆ ಒಂದು ಕಾಲ್ಪನಿಕ ಉದಾಹರಣೆ ನೋಡಿರಿ. ಅಮೈಲೇಸ್ (ಮೇದೋಜ್ಜೀರಕ ಗ್ರಂಥಿಯ ತೊಂದರೆ ಗುರುತಿಸಲು ಮಾಡುವ ಟೆಸ್ಟ್) ಕಿಟ್ಟಿನ ಬೆಲೆ 6,000 ರೂಪಾಯಿ, ಡಬ್ಬಿಯ ಮೇಲೆ 100 ಟೆಸ್ಟ್ ಎಂದಿದೆ ಎಂದಿಟ್ಟುಕೊಳ್ಳಿ. ಒಂದಕ್ಕೆ 60 ರೂಪಾಯಿ ಆಯಿತು. ಆದರೆ ತೆರೆದ ಬಾಟಲಿ ಟ್ರೇಯಲ್ಲಿ ನಾಲ್ಕು ವಾರ ಬಾಳುತ್ತದೆ, ಅಂದರೆ ಕೆಲಸದ 24 ದಿನ. ದಿನಕ್ಕೆ ಎರಡು ಕಂಟ್ರೋಲ್ ಹಾಕಿದರೆ 48 ಟೆಸ್ಟ್ ಅಲ್ಲಿಯೇ ಹೋದವು. ಅಮೈಲೇಸ್ ಬೇಕಾಗುವ ರೋಗಿ ಎರಡು ದಿನಕ್ಕೊಬ್ಬರು ಬಂದರೆ ಒಟ್ಟು 12 ಜನ. ಉಳಿದದ್ದು ಕ್ಯಾಲಿಬ್ರೇಶನ್ನಿಗೆ, ಸೂಜಿ ಮುಟ್ಟಲಾಗದ ಬಾಟಲಿಯ ತಳಕ್ಕೆ ಮತ್ತು ಸಿಂಕಿಗೆ. 6,000 ರೂಪಾಯಿಯನ್ನು 12 ಜನಕ್ಕೆ ಹಂಚಿದರೆ ತಲೆಗೆ 500 ರೂಪಾಯಿ ಬೀಳುತ್ತದೆ, ಕಂಟ್ರೋಲ್ ಸೀರಂನ ಬೆಲೆ ಬೇರೆ. ಶುಗರ್‌ನಂತಹ ದಿನನಿತ್ಯದ ಟೆಸ್ಟಿನಲ್ಲಿ ಈ ಅಂತರ ಸಣ್ಣದು, ಅಪರೂಪದ ಟೆಸ್ಟಿನಲ್ಲಿ ಗಾಬರಿ ಹುಟ್ಟಿಸುವಷ್ಟು ದೊಡ್ಡದು. ನಮ್ಮದು ಕ್ಲೋಸ್ಡ್ ಸಿಸ್ಟಮ್, ಅಂದರೆ ಅದೇ ಕಂಪನಿಯ ರೀಜೆಂಟ್ ಮಾತ್ರ ಒಪ್ಪುವ ಯಂತ್ರ ಆಗಿದ್ದುದರಿಂದ ಬೇರೆ ಕಂಪನಿಯ ಸಣ್ಣ ಕಿಟ್ ತರಿಸುವ ದಾರಿಯೂ ಮುಚ್ಚಿತ್ತು.

ಬೋರ್‌ವೆಲ್ಲಿನ ನೀರಿನ ಕಥೆ ಬೇರೆಯೇ ಇದೆ. ಕ್ಯುವೆಟ್ (ಸ್ಯಾಂಪಲ್ ಅಳೆಯುವ ಸಣ್ಣ ಪಾತ್ರೆ) ತೊಳೆಯಲು ಈ ಯಂತ್ರಕ್ಕೆ ಲವಣ ತೆಗೆದ ನೀರು ನಿರಂತರವಾಗಿ ಬೇಕು; ಗಡಸು ನೀರಿನ ಅಂಶ ಉಳಿದರೆ ಕ್ಯಾಲ್ಸಿಯಂ ಫಲಿತಾಂಶವೇ ಏರುಪೇರಾಗುತ್ತದೆ. ನೀರಿನ ಪ್ಲಾಂಟ್ ಮತ್ತು ಯುಪಿಎಸ್ ಕೊಟೇಶನ್ನಿನಲ್ಲಿ ಇರಲಿಲ್ಲ.

ಇಷ್ಟೆಲ್ಲ ಆದ ಮೇಲೂ ನಮ್ಮ ಡಾಕ್ಟರರಿಗೆ ನಿಜವಾಗಿ ಬೇಕಾಗಿದ್ದುದು ಸಿಗಲಿಲ್ಲ. ವಾಂತಿಭೇದಿಯಾದ ವಯಸ್ಸಾದವರು ಅಥವಾ ಕಿಡ್ನಿ ತೊಂದರೆಯವರು ರಾತ್ರಿ ಬಂದಾಗ, ಸೋಡಿಯಂ ಮತ್ತು ಪೊಟ್ಯಾಸಿಯಂ ಎಷ್ಟಿದೆ ಎಂದು ತಿಳಿಯದ ಒಂದೇ ಕಾರಣಕ್ಕೆ ಅವರನ್ನು ವಿಜಯಪುರಕ್ಕೆ ಇಲ್ಲವೆ ಸೊಲ್ಲಾಪುರಕ್ಕೆ ಕಳುಹಿಸಬೇಕಾಗುತ್ತಿತ್ತು. ಅದನ್ನು ಅಳೆಯುವ ಐಎಸ್‌ಇ ಮಾಡ್ಯೂಲ್ ಎರಡೂ ಕೊಟೇಶನ್ನಿನ ಕೊನೆಯ ಪುಟದಲ್ಲಿ 'ಐಚ್ಛಿಕ' ಎಂಬ ಸಾಲಿನಲ್ಲಿತ್ತು, ಹಣ ಉಳಿಸಲೆಂದು ನಾನೇ ಅದನ್ನು ಹೊಡೆದುಹಾಕಿದ್ದೆ. ಮುಂದೆ ಇದೇ ಸೋಡಿಯಂ, ಪೊಟ್ಯಾಸಿಯಂ ಅಳೆಯುವ, ಮೇಜಿನ ಮೇಲಿಡುವ ಸಣ್ಣ ಎಲೆಕ್ಟ್ರೊಲೈಟ್ ಅನಲೈಸರ್ ತಂದೆವು. ದೊಡ್ಡ ಯಂತ್ರಕ್ಕೆ ಕೊಟ್ಟ ಹಣದ ಮುಂದೆ ಅದರ ಬೆಲೆ ಏನೇನೂ ಅಲ್ಲ.

ಇದನ್ನೆಲ್ಲ ಅನುಭವಿಸಿದ ಮೇಲೆಯೇ, ಆರೋಗ್ಯ ತಂತ್ರಜ್ಞಾನದ ಮೌಲ್ಯಮಾಪನ ಎಂಬ ಒಂದು ಶಾಸ್ತ್ರವೇ ಇದೆ ಎಂಬುದನ್ನು ನಾನು ಓದಿಕೊಂಡೆ. ಅಲ್ಲಿ ತಂತ್ರಜ್ಞಾನ ಎಂದರೆ ಯಂತ್ರವಷ್ಟೇ ಅಲ್ಲ; ಔಷಧ, ಲಸಿಕೆ, ಶಸ್ತ್ರಚಿಕಿತ್ಸೆಯ ವಿಧಾನ ಎಲ್ಲವೂ ಸೇರುತ್ತವೆ. ಇಂಗ್ಲೆಂಡಿನಲ್ಲಿ 1999ರಿಂದ ನೈಸ್ ಎಂಬ ಸಂಸ್ಥೆ ಈ ಕೆಲಸ ಮಾಡುತ್ತಿದೆ. ನಮ್ಮಲ್ಲಿ ಕೇಂದ್ರ ಸರ್ಕಾರದ ಆರೋಗ್ಯ ಸಂಶೋಧನಾ ಇಲಾಖೆಯ ಅಡಿಯಲ್ಲಿ ಎಚ್‌ಟಿಎಇನ್ ಎಂಬ ವ್ಯವಸ್ಥೆ 2017ರಲ್ಲಿ ರೂಪುಗೊಂಡಿತು. ಅವರು ಮೊದಲು ಗೊತ್ತುಪಡಿಸಿಕೊಳ್ಳುವುದು ನಾಲ್ಕು ಸಂಗತಿಗಳನ್ನು: ಯಾವ ರೋಗಿಗಳಿಗೆ, ಯಾವ ತಂತ್ರಜ್ಞಾನ, ಯಾವುದರ ಬದಲಿಗೆ, ಯಾವ ಫಲಕ್ಕಾಗಿ. ನನ್ನ ಕೋಷ್ಟಕದಲ್ಲಿ ಎರಡನೆಯದೊಂದೇ ಇತ್ತು. ಕಣ್ಣಿನ ಪೊರೆಯ ಲೆನ್ಸ್‌ಗಳ ವಿಷಯದಲ್ಲಿ ಎಚ್‌ಟಿಎಇನ್ ನಡೆಸಿದ ಮೌಲ್ಯಮಾಪನದಲ್ಲಿ, ಫೇಕೋ ಯಂತ್ರ (ಪೊರೆಯನ್ನು ಶಬ್ದಾತೀತ ತರಂಗದಿಂದ ಒಡೆಯುವ ಯಂತ್ರ) ಬಳಸಿ ಮಡಚುವ ಲೆನ್ಸ್ ಹಾಕುವುದಕ್ಕಿಂತ, ಸಣ್ಣ ಸೀಳಿಕೆಯ ಶಸ್ತ್ರಚಿಕಿತ್ಸೆಯಲ್ಲಿ ಮಡಚಲಾಗದ ಗಟ್ಟಿ ಲೆನ್ಸ್ ಹಾಕುವುದೇ ಖರ್ಚಿಗೆ ತಕ್ಕ ಫಲ ಕೊಡುತ್ತದೆಂದು ಕಂಡುಬಂದಿತು. ಹೊಸದೆಲ್ಲ ಕೆಟ್ಟದ್ದೆಂದು ಇದರ ಅರ್ಥವಲ್ಲ; ಹಳೆಯದನ್ನು ಪಕ್ಕದಲ್ಲಿ ನಿಲ್ಲಿಸಿ ನೋಡಿದ್ದರಿಂದ ಆ ತೀರ್ಮಾನ ಸಾಧ್ಯವಾಯಿತು.

ಎರಡೂ ಯಂತ್ರಗಳಿಗೆ ಸರ್ಕಾರದ ಪರವಾನಗಿ ಇದೆಯೆಂದು ನೀವು ಒತ್ತಿ ಬರೆದಿದ್ದೀರಿ. 2017ರ ವೈದ್ಯಕೀಯ ಸಾಧನಗಳ ನಿಯಮಗಳ ಪ್ರಕಾರ ಕೊಡುವ ಪರವಾನಗಿ, ಸಾಧನ ಸುರಕ್ಷಿತವೇ ಮತ್ತು ಹೇಳಿದ ಕೆಲಸ ಮಾಡುತ್ತದೆಯೇ ಎಂಬುದಕ್ಕೆ ಸಂಬಂಧಿಸಿದ್ದು. ನಿಮ್ಮ ಆಸ್ಪತ್ರೆಗೆ ಅದು ಬೇಕೇ ಎಂಬ ಪ್ರಶ್ನೆ ಅದರ ವ್ಯಾಪ್ತಿಗೆ ಬರುವುದಿಲ್ಲ.

ಆದ್ದರಿಂದ ಪ್ರತಿನಿಧಿಗೆ ಫೋನ್ ಮಾಡುವ ಮೊದಲು ಲ್ಯಾಬಿನ ರಿಜಿಸ್ಟರ್ ತೆರೆದು, ಹಿಂದಿನ ಆರು ತಿಂಗಳಲ್ಲಿ ಯಾವ ಟೆಸ್ಟ್ ಎಷ್ಟು ಆಗಿದೆ, ಯಾವುದು ಹೊರಗೆ ಹೋಗಿದೆ, ಯಾವ ಹೊತ್ತಿನಲ್ಲಿ ಜನ ಕಾಯ್ದಿದ್ದಾರೆ ಎಂದು ಟೆಕ್ನಿಷಿಯನ್ನರ ಜೊತೆ ಕುಳಿತು ಬರೆದುಕೊಳ್ಳಿರಿ. ಯಾವ ವರದಿ ಕೈಗೆ ಬಂದರೆ ಚಿಕಿತ್ಸೆ ಬದಲಾಗುತ್ತದೆಂದು ಡಾಕ್ಟರರನ್ನು ಕೇಳಿರಿ. ಯಂತ್ರ ಪುಕ್ಕಟೆ, ರೀಜೆಂಟ್ ಮಾತ್ರ ತಿಂಗಳಿಗೆ ಇಂತಿಷ್ಟು ಕೊಳ್ಳಬೇಕು ಎಂಬ ಕರಾರನ್ನು ನಾನಂತೂ ನಂಬುವುದಿಲ್ಲ. ರೋಗಿಗಳು ಕಡಿಮೆಯಾದ ತಿಂಗಳಲ್ಲಿಯೂ ಆ ಬಿಲ್ ಕಡಿಮೆಯಾಗುವುದಿಲ್ಲ. ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ಬೇರೆ, ಬಿಡಿಭಾಗಗಳೂ ಸೇರುವ ಸಿಎಂಸಿ ಬೇರೆ. ವಾರಂಟಿ ಮುಗಿದ ಮೇಲಿನ ಸಿಎಂಸಿ ದರವನ್ನು ಈಗಲೇ ಬರಹದಲ್ಲಿ ಪಡೆಯಿರಿ. ಸರ್ವಿಸ್ ಎಂಜಿನಿಯರ್ ಬೆಳಗಾವಿಯಿಂದ ಬರುತ್ತಾರೋ ಬೆಂಗಳೂರಿನಿಂದಲೋ ಎಂಬುದನ್ನೂ ಕೇಳಿರಿ. ಬೆಳಗಿನ ಹೊತ್ತು ಸೆಮಿ ಆಟೋ ನಿಭಾಯಿಸಲಾರದಷ್ಟು ಸ್ಯಾಂಪಲ್ ನಿಜವಾಗಿಯೂ ಬರುತ್ತಿವೆ ಎಂದು ರಿಜಿಸ್ಟರ್ ತೋರಿಸಿದರೆ, ಆ ಅಂಕಿಗಳ ಜೊತೆ ಎರಡೂ ಕೊಟೇಶನ್‌ಗಳ ರೀಜೆಂಟ್ ದರಪಟ್ಟಿಯನ್ನು ಇಲ್ಲಿಯೇ ಹಾಕಿರಿ, ಯಾವುದು ಎಂಬುದನ್ನು ಆಗ ನೋಡೋಣ.